ಮಲ್ಲಸಮುದ್ರದ ಸಮುದ್ರ

ಗದಗಿನಲ್ಲಿ ಸಮುದ್ರವಿಲ್ಲ. ಈ ಮಾತನ್ನು ನಾನು ಒಂದಿಡೀ ಮಳೆಗಾಲ ಕಚೇರಿಯಿಂದ ಕಚೇರಿಗೆ ಮೆಟ್ಟಿಲು ಹತ್ತಿ, ಕಂಡಕಂಡವರ ಮುಂದೆ ಗಂಟಲು ಹರಿಯುವಂತೆ ಹೇಳಿದ್ದೇನೆ. ಇಪ್ಪತ್ತು ವರ್ಷ ಭೂಗೋಳ ಕಲಿಸಿದ ಬಾಯಿ ನನ್ನದು. ಐದನೆಯ ಇಯತ್ತೆಯ ಮಕ್ಕಳು ಕೂಡ ಹೇಳುತ್ತಾರೆ, ನಮ್ಮದು ಬಯಲುಸೀಮೆ ಎಂದು. ಗದಗಿನವರು ಸಮುದ್ರ ನೋಡಬೇಕೆಂದರೆ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು, ಅರಬೈಲ್ ಘಟ್ಟ ಇಳಿಯಬೇಕು, ಹೊಟ್ಟೆಯೊಳಗಿನದೆಲ್ಲ ಒಮ್ಮೆ ಬಾಯಿಗೆ ಬಂದು ಹೋಗಬೇಕು, ಆಮೇಲೆ ಅಂಕೋಲೆ. ಇಷ್ಟನ್ನು ಓದು ಬರಹ ಬಲ್ಲ, ಕುರ್ಚಿಯ ಮೇಲೆ ಕುಳಿತ ದೊಡ್ಡವರಿಗೆ ಬಿಡಿಸಿ ಹೇಳಬೇಕಾಗಿ ಬಂತಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶುರುವಾದದ್ದು ಒಂದು ಗಾದಿಯಿಂದ. ವರ್ಷಕ್ಕೊಮ್ಮೆ ಯುಗಾದಿ ಮುಗಿದ ಮೇಲೆ ಗಾದಿ ಬಿಚ್ಚಿ, ಹತ್ತಿ ಹಿಂಜಿಸಿ, ಬಿಸಿಲು ತೋರಿಸಿ ಮತ್ತೆ ಹೊಲಿಸುವುದು ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವನ ಕಾಲದಿಂದ ಬಂದ ಪದ್ಧತಿ. ಆ ಕೆಲಸಕ್ಕೆ ಮಲ್ಲಸಮುದ್ರದಿಂದ ಪಿಂಜಾರರ ಮನೆಯ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಮಲ್ಲಸಮುದ್ರವೆಂದರೆ ಗದಗಿನ ಅಂಚಿಗೇ ಇರುವ ಹಳ್ಳಿ. ಅವಳ ಗಂಡ ಲಕ್ಷ್ಮೇಶ್ವರದ ಸಂತೆಯಲ್ಲಿ ಗಾದಿ, ತಲೆದಿಂಬು ಮಾರುತ್ತಿದ್ದ. ಇವಳು ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಮನೆಮನೆ ತಿರುಗುತ್ತಿದ್ದಳು. ನಮ್ಮ ಮಾಳಿಗೆಯ ಮೇಲೆ ಆ ಬಿಲ್ಲಿನ ತಂತಿ ಟೊಂಯ್ ಟೊಂಯ್ ಎನ್ನತೊಡಗಿದರೆ ಅವಳ ಬಾಯೂ ಅದರ ಜೊತೆಗೇ ಶುರುವಾಗುತ್ತಿತ್ತು. ಯಾರ ಮನೆಯ ಗಾದಿಯೊಳಗೆ ಏನು ಸಿಕ್ಕಿತು, ಯಾರ ಮಗಳಿಗೆ ಎಲ್ಲಿ ಗೊತ್ತಾಯಿತು, ಎಲ್ಲ ಖಬರು ಅವಳ ಹತ್ತಿರ ಇರುತ್ತಿತ್ತು.

ಆ ವರ್ಷ ಬಿಲ್ಲು ಮಾತ್ರ ಸದ್ದು ಮಾಡುತ್ತಿತ್ತು.

"ಯಾಕ, ಇವತ್ತ ಬಾಯಿಗೆ ಕೀಲಿ ಹಾಕ್ಕೊಂಡು ಬಂದೀಯೇನ?" ಎಂದೆ.

"ಏನ್ ಹೇಳ್ಲಿ ಅಕ್ಕೋರ. ನಮ್ಮ ಮನಿ ಸಮುದ್ರದಾಗ ಐತಂತ್ರಿ."

"ಯಾರಂದ್ರು?"

"ಕಂಪ್ಯೂಟರ್ ಅಂದೈತ್ರಿ."

ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟೆ. ಅವಳು ಸೆರಗಿನ ಗಂಟಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟಳು. ಹಿಂದಿನ ಮಳೆಗಾಲದಲ್ಲಿ ಅವಳ ಮನೆಯ ಪಡುವಣದ ಗೋಡೆ ಬಿದ್ದಿತ್ತು. ಮನೆ ಕಟ್ಟಿಸಿಕೊಡುವ ಯೋಜನೆಗೆ ಅರ್ಜಿ ಹಾಕಿದ್ದಳು. ಪಟ್ಟಿಯಲ್ಲಿ ಹೆಸರೂ ಬಂದಿತ್ತು. ಆದರೆ ಜಾಗಕ್ಕೆ ಕಂಪ್ಯೂಟರಿನ ಒಪ್ಪಿಗೆ ಆಗಬೇಕಿತ್ತು. ಅದು ಕೊಟ್ಟ ಉತ್ತರ ಈ ಕಾಗದದಲ್ಲಿತ್ತು: ಅರ್ಜಿದಾರರ ನಿವೇಶನವು ಸಮುದ್ರತೀರದ ನಿರ್ಬಂಧಿತ ವಲಯದಲ್ಲಿ ಬರುವುದರಿಂದ ಕಟ್ಟಡಕ್ಕೆ ಅನುಮತಿ ಇರುವುದಿಲ್ಲ.

"ದಸರಾದೊಳಗ ಇದನ್ನ ಸರಿ ಮಾಡ್ಸದಿದ್ರ ನನ್ನ ಹೆಸರು ತಗದು ಕೆಳಗಿನವ್ರಿಗೆ ಕೊಡ್ತಾರಂತ್ರಿ. ಅದು ಇರ್ಲಿ, ಮಳಿ ಬರೋದ್ರಾಗ ಗ್ವಾಡಿ ಏಳಬೇಕ್ರಿ ಅಕ್ಕೋರ. ಹತ್ತಿ ಇಟ್ಕೊಂಡು ಬಾಳೇ ಮಾಡೋರು ನಾವು. ನೀರು ತಾಗಿದ್ರ ಹತ್ತಿ ಏನ್ ಉಳಿತೈತ್ರಿ?"

ಅಯ್ಯೋ ಶಿವನೇ! ಗದಗಿನಲ್ಲಿ ಸಮುದ್ರತೀರ! ನನಗೆ ನೆತ್ತಿಗೇರಿದ ಸಿಟ್ಟು ಇಳಿಯಲೇ ಇಲ್ಲ. ಗಾದಿಯ ಹತ್ತಿ ಮಾಳಿಗೆಯ ಮೇಲೆ ಹರಡಿದ್ದು ಹಾಗೆಯೇ ಇತ್ತು, ನಾನು ಚಪ್ಪಲಿ ಮೆಟ್ಟಿಕೊಂಡು ಆ ಕಾಗದ ಹಿಡಿದು ಹೊರಟೆ.

ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದದ್ದು ಗುತ್ತಿಗೆ ಹಿಡಿದ ಒಂದು ಕಂಪನಿ. ಅದರ ಕೇಂದ್ರದಲ್ಲಿ ನನ್ನದೇ ವಯಸ್ಸಿನ ಒಬ್ಬ ಗೃಹಸ್ಥರು ಕನ್ನಡಕವನ್ನು ಹಣೆಗೇರಿಸಿಕೊಂಡು ಕುಳಿತಿದ್ದರು. ಕಾಗದವನ್ನು ಅವರ ಮುಂದೆ ಕುಕ್ಕಿ, "ಇದೇನ್ರಿ ಇದು?" ಎಂದೆ.

ಅವರು ಓದಿದರು. ಏನೂ ವಿಶೇಷವಿಲ್ಲದವರಂತೆ, "ಸಮುದ್ರತೀರ ಅಂತ ಬಂದೈತಲ್ರಿ ಮೇಡಂ" ಎಂದರು.

"ಗದಗಿನಾಗ ಎಲ್ಲಿ ಐತ್ರಿ ಸಮುದ್ರ?"

"ಊರ ಹೆಸರ ಮಲ್ಲಸಮುದ್ರ ಐತಿ. ಹೆಸರಿನಾಗ ಸಮುದ್ರ ಇದ್ದಮ್ಯಾಲ ಏನರ ಇರಬೇಕಲ್ರಿ."

ಕೇಳಿದಿರಾ ಮಾತು! ನಮ್ಮ ಹಿಂದಿನವರು ದೊಡ್ಡ ಕೆರೆ ಕಟ್ಟಿಸಿದರೆ ಅದಕ್ಕೆ ಮರ್ಯಾದೆಯಿಂದ ಸಮುದ್ರ ಎನ್ನುತ್ತಿದ್ದರು. ಆ ಹೆಸರಿನ ಹಳ್ಳಿ ಈ ನಾಡಿನಲ್ಲಿ ಎಷ್ಟಿಲ್ಲ?

"ಹಂಗಾದ್ರ ಶಿರಹಟ್ಟಿ ತಾಲೂಕಿನ ನಮ್ಮ ಮಾಗಡಿಗೆ ಬೆಂಗಳೂರಿನ ಸಿಟಿ ಬಸ್ಸು ಬರ್ತಾವೇನ್ರಿ? ಅಲ್ಲೂ ಒಂದು ಮಾಗಡಿ ಐತಲ್ಲ, ಹೆಸರು ಒಂದ ಐತಲ್ಲ?" ಎಂದೆ. ಸಾಲಿನಲ್ಲಿ ನಿಂತವರು ನಕ್ಕರು. ಅವರು ನಗಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಮಲ್ಲಸಮುದ್ರದ ಕೆರೆ ನೀಲಿಯಾಗಿ ಬಿದ್ದುಕೊಂಡಿತ್ತು. ಅದರ ಸುತ್ತ ಕೆಂಪು ಪಟ್ಟಿ. ಆ ಕೆಂಪಿನೊಳಗೆ ಗಾದಿಯವಳ ಮನೆಯ ಚುಕ್ಕೆ. ನೀಲಿಯ ನಡುವೆ ಸ್ಪಷ್ಟವಾಗಿ ಸಮುದ್ರ ಎಂಬ ಅಕ್ಷರ.

"ಇದು ನಾವು ಬರದದ್ದಲ್ರಿ" ಎಂದರು ಅವರು. "ಜಗತ್ತಿನ ಮಂದಿ ಎಲ್ಲಾ ಕೂಡಿ ಮಾಡೋ ನಕ್ಷೆ ಒಂದೈತಿ. ಯಾರ ಬೇಕಾದ್ರೂ ಬರೀಬಹುದು, ಯಾರ ಬೇಕಾದ್ರೂ ತೊಗೋಬಹುದು. ನಮ್ಮ ಕಂಪನಿ ಸಮುದ್ರದ ದಂಡಿ ಅಲ್ಲಿಂದ ತೊಗೊಂಡೈತಿ. ಕಾರವಾರಕ್ಕೂ ಅದ ಪ್ರೋಗ್ರಾಂ, ಗದಗಕ್ಕೂ ಅದ ಪ್ರೋಗ್ರಾಂ. ದಂಡಿ ಹತ್ರ ಮನಿ ಕಂಡ್ರ ಬ್ಯಾಡ ಅಂತೈತಿ."

"ಯಾವನೋ ತಲಿ ಕೆಟ್ಟಾವ ಹಾಕ್ಯಾನ ಇದನ್ನ. ಅವನ ಹೆಸರು ಹುಡುಕಿ ನಿಮ್ಮ ಮುಂದ ತಂದು ನಿಂದಿರಸ್ತೀನಿ, ನೋಡ್ತಾ ಇರ್ರಿ."

"ತರ್ರಿ ಮೇಡಂ, ಚಲೋ ಆತು. ಹಾಕಿದವರ ತಪ್ಪಾತು ಅಂತ ಬರದು ಸಹಿ ಮಾಡಿದ್ರ ತಿದ್ದಾಕ ನಮಗೂ ದಾರಿ ಐತಿ."

ಅವರು ಹೇಳಿದ ಜಗತ್ತಿನ ನಕ್ಷೆ ನನಗೆ ಹೊಸದಲ್ಲ. ಅದರ ಕಥೆ ಹೇಳಬೇಕೆಂದರೆ ಸ್ವಲ್ಪ ಹಿಂದೆ ಹೋಗಬೇಕು. ಗದಗ ಜಿಲ್ಲೆಯಾದಾಗ ನಾನು ಶಾಲೆಗೆ ಸೇರಿದ ಹೊಸತು. ಜಿಲ್ಲೆ ಆಯಿತು, ಹಾರ ತುರಾಯಿ ಆಯಿತು, ಭಾಷಣ ಆಯಿತು, ನಮ್ಮ ತರಗತಿಯ ಗೋಡೆಯ ಮೇಲಿನ ನಕ್ಷೆಯಲ್ಲಿ ಮಾತ್ರ ನಾವು ಇನ್ನೂ ಧಾರವಾಡದಲ್ಲೇ ಇದ್ದೆವು. ವರ್ಷ ಕಳೆದರೂ ಹೊಸ ನಕ್ಷೆ ಬರಲಿಲ್ಲ. ಮಕ್ಕಳು "ನಮ್ಮ ಜಿಲ್ಲಾ ಎಲ್ಲೈತ್ರಿ ಅಕ್ಕೋರ?" ಎಂದು ಕೇಳಿದರೆ ನಾನು ಏನು ತೋರಿಸಲಿ? ಒಂದು ದಿನ ಸಿಟ್ಟು ತಡೆಯಲಾರದೆ ಮನೆಯಿಂದ ಉಗುರಿನ ಬಣ್ಣದ ಶೀಶೆ ಒಯ್ದು, ಗದಗ, ಶಿರಹಟ್ಟಿ, ಮುಂಡರಗಿ ಎಲ್ಲವನ್ನೂ ಒಳಗೆ ಹಾಕಿ ನಕ್ಷೆಯ ಮೇಲೆ ಕೆಂಪು ಗಡಿ ಎಳೆದೆ. ಸರಕಾರಿ ನಕ್ಷೆ ಹೊಲಸು ಮಾಡಿದಿರಿ ಎಂದು ಮುಖ್ಯೋಪಾಧ್ಯಾಯರು ಕೂಗಾಡಿದರು. ಅಳಿಸಲು ನೋಡಿದರು. ಉಗುರಿನ ಬಣ್ಣ, ಹೋಗುತ್ತದೆಯೇ? ಆ ಕೆಂಪು ಗಡಿ ನೋಡಿಯೇ ನಮ್ಮ ಮಕ್ಕಳು ತಮ್ಮ ಜಿಲ್ಲೆ ಕಲಿತರು.

ಅಂಥವಳಿಗೆ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಸಿಕ್ಕರೆ ಬಿಡುತ್ತಾಳೆಯೇ? ಕಂಪ್ಯೂಟರ್ ಕಲಿತ ಮೇಲೆ ರಜೆ ಬಂದರೆ ನನ್ನದು ಅದೇ ಕೆಲಸವಾಯಿತು. ಆ ನಕ್ಷೆಯಲ್ಲಿ ನಮ್ಮ ಜಿಲ್ಲೆ ಬೋಳು ಬಯಲಾಗಿತ್ತು. ಕೋಟುಮಚಗಿಯ ಓಣಿಗಳನ್ನು ಒಂದೊಂದಾಗಿ ಹಾಕಿದೆ. ಲಕ್ಷ್ಮೇಶ್ವರದ ಪೇಟೆ ಹಾಕಿದೆ. ದೂರ ದೇಶದಿಂದ ಹಕ್ಕಿಗಳು ಹಾರಿ ಬಂದಿಳಿಯುವ ಮಾಗಡಿ ಕೆರೆಗೆ ಹೆಸರು ಬರೆದೆ. ಹಕ್ಕಿಗಳಿಗೆ ಗೊತ್ತಿರುವ ಕೆರೆ ನಕ್ಷೆಗೆ ಗೊತ್ತಿಲ್ಲವೆಂದರೆ ಏನು ಮಾತದು!

ಆದ್ದರಿಂದ ಆ ತಲೆ ಕೆಟ್ಟವನ ಹೆಸರು ಹಿಡಿಯುವುದು ನನಗೆ ಎಡಗೈ ಕೆಲಸ. ಯಾವ ಗೆರೆ ಯಾರು ಎಳೆದರು ಎಂದು ನಕ್ಷೆಯೇ ಬರೆದಿಟ್ಟುಕೊಂಡಿರುತ್ತದೆ. ಮನೆಗೆ ಬಂದವಳೇ ಕಂಪ್ಯೂಟರ್ ತೆಗೆದೆ. ಮಾಳಿಗೆಯ ಮೇಲೆ ಬಿಲ್ಲು ಇನ್ನೂ ಟೊಂಯ್ ಎನ್ನುತ್ತಿತ್ತು. ಮಲ್ಲಸಮುದ್ರದ ಕೆರೆಯ ಗೆರೆ ಒತ್ತಿದೆ. ಗೆರೆ ಎಳೆದವರ ಹೆಸರು ಬಂತು.

ನನ್ನದು.

ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆಯೂ ನನ್ನದೇ. ಎರಡು ವರ್ಷದ ಹಿಂದಿನ ಒಂದು ಭಾನುವಾರ.

ಆ ಭಾನುವಾರ ಚೆನ್ನಾಗಿ ನೆನಪಿದೆ. ಉಪಗ್ರಹದ ಚಿತ್ರ ನೋಡಿ ಗೆರೆ ಎಳೆಯಬಹುದಿತ್ತು. ಆದರೆ ಚಿತ್ರ ಬೇಸಿಗೆಯದು, ಅದರಲ್ಲಿ ಕೆರೆ ಬತ್ತಿತ್ತು. ಅದಕ್ಕೆ ಕೆರೆ ತುಂಬಿದಾಗ ಫೋನಿನಲ್ಲಿ ದಾರಿ ದಾಖಲಿಸುತ್ತ ಕೆರೆಯನ್ನು ನಾನೇ ಸುತ್ತಿ ಬಂದಿದ್ದೆ. ಮನೆಗೆ ಬಂದು ಆ ದಾರಿಯನ್ನು ಗೆರೆಯಾಗಿ ನಕ್ಷೆಗೆ ಏರಿಸಿದೆ. ಇದು ಏನು ಎಂದು ತಂತ್ರಾಂಶ ಕೇಳಿತು. ಕನ್ನಡದಲ್ಲಿ ಪಟ್ಟಿ ಕೊಟ್ಟಿತ್ತು. ಅದರಲ್ಲಿ ಒಂದು ಪದ "ದಂಡೆ". ನಾನು ನಡೆದದ್ದು ಎಲ್ಲಿ? ಕೆರೆಯ ದಂಡೆಯ ಮೇಲೆ. ನಮ್ಮ ಕಡೆ ಯಾರನ್ನೇ ಕೇಳಿ, ದಂಡಿ ಎಂದರೆ ಕೆರೆ ದಂಡಿ, ಹಳ್ಳದ ದಂಡಿ, ಬಾವಿಯ ದಂಡಿ. ಹಿಂದೆ ಮುಂದೆ ನೋಡದೆ ಅದನ್ನೇ ಒತ್ತಿದ್ದೆ. ಈಗ ಅದರ ಮೂಲ ಅರ್ಥ ತೆಗೆದು ನೋಡಿದರೆ ಆ ಪದ ಇಟ್ಟದ್ದು ಸಮುದ್ರದ ದಂಡೆಗೆ, ಕಡಲತೀರಕ್ಕೆ ಮಾತ್ರ! ಯಾವ ಪುಣ್ಯಾತ್ಮ ಕನ್ನಡ ಮಾಡಿದನೋ, "ಕಡಲ" ಎಂಬ ಮೂರಕ್ಷರ ಹೆಚ್ಚಿಗೆ ಬರೆಯಲು ಅವನ ಗಂಟೇನು ಹೋಗುತ್ತಿತ್ತು?

ತಪ್ಪು ತಪಾಸಣೆಯಲ್ಲಾದರೂ ಸಿಕ್ಕಿಬೀಳಬೇಕಿತ್ತಲ್ಲ ಎಂದು ನಿಯಮಗಳನ್ನು ಓದಿದೆ. ಓದಿದಂತೆಲ್ಲ ಹಣೆ ಚಚ್ಚಿಕೊಳ್ಳುವಂತಾಯಿತು. ಕೆರೆಯ ಗೆರೆಯನ್ನು ಯಾವ ಕಡೆಯಿಂದ ಸುತ್ತಿದರೂ ನಕ್ಷೆಗೆ ಒಂದೇ. ಸಮುದ್ರಕ್ಕೆ ಹಾಗಲ್ಲ. ಅದು ಅಷ್ಟು ದೊಡ್ಡದು, ನೀರು ಯಾವ ಕಡೆಗಿದೆ ಎಂಬುದನ್ನು ಗೆರೆಯ ದಿಕ್ಕೇ ಹೇಳಬೇಕು. ಗೆರೆ ಸಾಗುವ ಕಡೆ ಮುಖ ಮಾಡಿ ನಿಂತರೆ ಎಡಗೈಗೆ ನೆಲ, ಬಲಗೈಗೆ ನೀರು. ಅದು ಅಲ್ಲಿನ ಕಾನೂನು. ಉಲ್ಟಾ ಎಳೆದಿದ್ದರೆ ಒಣ ನೆಲದ ನಡುವೆ ನಡುಗಡ್ಡೆ ಎದ್ದಂತೆ ಕಂಡು ತಪಾಸಣೆಯ ಪ್ರೋಗ್ರಾಂ ಅಲ್ಲೇ ಹಿಡಿಯುತ್ತಿತ್ತು. ಆದರೆ ನಾನು ಕೆರೆ ಸುತ್ತಿದ್ದು ಹೇಗೆ? ಮೂಲೆಯಲ್ಲಿ ಕೆರೆಯವ್ವನ ಗುಡಿ ಇದೆ. ಗುಡಿ ಇರಲಿ, ಕಟ್ಟೆ ಇರಲಿ, ತುಂಬಿದ ಕೆರೆ ಇರಲಿ, ನಮ್ಮ ಕಾಲು ತಾನಾಗಿಯೇ ಪ್ರದಕ್ಷಿಣೆ ಹಾಕುತ್ತದೆ, ಅದನ್ನು ಬಲಕ್ಕೆ ಇಟ್ಟುಕೊಂಡು. ಚಿಕ್ಕಂದಿನಲ್ಲಿ ಎಡಕ್ಕೆ ಇಟ್ಟುಕೊಂಡು ಸುತ್ತಿದರೆ ನಮ್ಮವ್ವ ಬೆನ್ನಿಗೆ ಗುದ್ದುತ್ತಿದ್ದಳು. ನಾನು ಭಕ್ತಿಯಿಂದ ನೀರನ್ನು ಬಲಕ್ಕೆ ಇಟ್ಟುಕೊಂಡು ನಡೆದಿದ್ದೆ. ಪ್ರೋಗ್ರಾಂ ನೋಡಿತು: ಎಡಕ್ಕೆ ನೆಲ, ಬಲಕ್ಕೆ ನೀರು, ಗೆರೆ ಎಲ್ಲೂ ಹರಿದಿಲ್ಲ. ಶಾಭಾಸ್, ಇದು ಸಮುದ್ರವೇ ಎಂದು ಒಳಗೆ ಬಿಟ್ಟುಕೊಂಡಿತು. ಕೆರೆಯೂ ನೀಲಿ, ಸಮುದ್ರವೂ ನೀಲಿ. ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಕಾಲು ಗಂಟೆಯಲ್ಲಿ ತಿದ್ದಿದೆ. ದಂಡೆ ತೆಗೆದೆ, ಕೆರೆ ಎಂದು ಮಾಡಿದೆ. ಆಮೇಲೆ ಮಾಳಿಗೆ ಹತ್ತಿದೆ. ಅವಳು ಹತ್ತಿಯನ್ನು ಗಾದಿಯ ಚೀಲಕ್ಕೆ ತುಂಬುತ್ತಿದ್ದಳು.

"ಏನಾತ್ರಿ ಅಕ್ಕೋರ?"

"ಯಾರೋ ತಪ್ಪು ಹಾಕಿದ್ರು. ಸರಿ ಮಾಡ್ಸೀನಿ" ಎಂದೆ.

ಯಾರೋ. ಆ ಪದ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಭೂಗೋಳದ ಅಕ್ಕೋರು ಗದಗಿಗೆ ಸಮುದ್ರ ತಂದರು ಎಂದು ಊರು ನಗುತ್ತದೆ ಎಂಬ ನಾಚಿಕೆ ನನಗೆ. ಹೇಗೂ ತಿದ್ದಿಯಾಗಿದೆ, ಹೇಳಿ ಏನಾಗಬೇಕು ಎಂದುಕೊಂಡೆ. ಅವಳು ಎರಡೂ ಕೈಯೆತ್ತಿ, "ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದಳು.

ವಾರ ಬಿಟ್ಟು ಕೇಂದ್ರಕ್ಕೆ ಹೋದೆ. ಪರದೆಯಲ್ಲಿ ಕೆರೆ ಬಂದಿತ್ತು. ಅದರ ಸುತ್ತ ಕೆಂಪು ಪಟ್ಟಿಯೂ ಹಾಗೆಯೇ ಇತ್ತು.

"ಕೆರಿ ಬಂದೈತ್ರಿ. ಅದರ ಬುಡಕ ಸಮುದ್ರನೂ ಐತ್ರಿ" ಎಂದರು ಕನ್ನಡಕದವರು. "ರಸ್ತೆ, ಕೆರಿ, ಮನಿ ಎಲ್ಲಾ ವಾರಕ್ಕೊಮ್ಮೆ ಹೊಸಾದು ಬರ್ತಾವ. ಸಮುದ್ರದ ದಂಡಿ ಬ್ಯಾರೆ ಫೈಲಿನಾಗ ಇರ್ತೈತಿ. ಸಮುದ್ರ ಎಲ್ಲಿ ಎದ್ದು ಹೋಗ್ತೈತಿ ಅಂತ ಅದನ್ನ ಒಮ್ಮೆ ತೊಗೊಂಡು ಇಟ್ಟುಬಿಟ್ಟಾರ್ರಿ."

"ಅದನ್ನೂ ಹೊಸಾದು ತೊಗೋರಿ ಮತ್ತ!"

"ಅದು ಮ್ಯಾಲಿನವರ ಕೆಲಸ್ರಿ. ನನ್ನ ಕೈಯಾಗ ಇರೋದು ಎರಡ ದಾರಿ. ಸಮುದ್ರ ಇಲ್ಲಂತ ಯಾವದರ ಕಚೇರಿ ದಾಖಲಾ ತರ್ರಿ. ಇಲ್ಲಾಂದ್ರ ಹಾಕಿದವರ ಪತ್ರ ತರ್ರಿ, ಹೆಸರು, ಸಹಿ ಹಾಕಿ. ಸಿಕ್ಕನೇನ್ರಿ ಆ ತಲಿ ಕೆಟ್ಟಾವ?"

"ಹುಡುಕಾಕತ್ತೇನಿ" ಎಂದೆ. ಕಿವಿ ಕಾದಿತ್ತು.

ಹೀಗೆ ನಾನು ಮೊದಲಿನ ದಾರಿ ಹಿಡಿದೆ. ಮೂರು ಕಚೇರಿ ತಿರುಗಿದೆ. ಒಬ್ಬರು, "ಇದ್ದ ಜಮೀನಿಗೆ ದಾಖಲಾ ಕೊಡ್ತೀವ್ರಿ, ಇಲ್ಲದ ಸಮುದ್ರಕ್ಕ ಹ್ಯಾಂಗ ಕೊಡೋದು?" ಎಂದರು. ಇನ್ನೊಬ್ಬರು ಕಾರವಾರದ ಬಂದರು ಕಚೇರಿಗೆ ಬರೆಯಿರಿ ಎಂದರು. ಮೂರನೆಯವರು ಇದು ಕೆರೆ ಎಂದು ಬರೆದುಕೊಡಲು ಒಪ್ಪಿದರು, ಆದರೆ ಸಮುದ್ರ ಅಲ್ಲ ಎಂದು ಬರೆಯಲು ತಮಗೆ ಅಧಿಕಾರವಿಲ್ಲವಂತೆ! ನಾನು ಮೇಜು ಗುದ್ದಿದೆ, ಕುರ್ಚಿ ದಬ್ಬಿದೆ, ನಿಮ್ಮ ಮಕ್ಕಳ ಐದನೆಯ ಇಯತ್ತೆಯ ಪುಸ್ತಕ ತೆಗೆದು ಓದಿರಿ ಎಂದು ಕೂಗಿದೆ. ಆ ಸಿಟ್ಟು ಸುಳ್ಳಲ್ಲ. ಖರೆ ಸಿಟ್ಟೇ. ಆದರೆ ಕೂಗಿದಷ್ಟೂ ಹೊತ್ತು ನಾನು ಒಳ್ಳೆಯವಳು ಎನಿಸುತ್ತಿತ್ತು, ಅದೂ ಖರೆ.

ಮುಂಡರಗಿಯಲ್ಲಿ ನನಗೆ ಪರಿಚಯದ ಒಬ್ಬ ನಿವೃತ್ತ ಸರ್ವೇಯರ್ ಇದ್ದರು. ಜೀವಮಾನವಿಡೀ ಹೊಲದ ಬದುಗಳನ್ನು ಸರಪಳಿ ಹಿಡಿದು ಅಳೆದವರು. ಇವರಿಗಾದರೂ ಉಪಾಯ ಹೊಳೆಯಬಹುದೆಂದು ಬಸ್ಸು ಹತ್ತಿ ಹೋದೆ. ಎಲ್ಲ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

"ಗೆರಿ ಹಾಕಿದವರ ಹೆಸರು ನಕ್ಷೆದಾಗ ಇರ್ತೈತಿ ಅಂತೀರಿ. ಮತ್ತ ಅವರನ್ನ ಬಿಟ್ಟು ಊರೆಲ್ಲಾ ಯಾಕ ಅಡ್ಡಾಡಾಕತ್ತೀರಿ?"

"ಅವರು ಸಿಗವಲ್ರು."

"ಸಿಗವಲ್ರೋ, ಬರವಲ್ರೋ?" ಎಂದು ನನ್ನ ಮುಖ ನೋಡಿದರು. ನಾನು ಜಲ್ದಿ ಹೋಗಬೇಕು, ಬಸ್ಸು ತಪ್ಪುತ್ತದೆ ಎಂದು ಎದ್ದೆ. ದಾರಿಯುದ್ದಕ್ಕೂ ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರಲಿಲ್ಲವೆಂದು ಮುಗಿಲು ನೋಡುವುದೇ ಹೆಚ್ಚು. ಆ ವರ್ಷ ಮಾತ್ರ ಶ್ರಾವಣದಲ್ಲಿ ಜಡಿಮಳೆ. ಒಂದು ಮಧ್ಯಾಹ್ನ ಮಲ್ಲಸಮುದ್ರಕ್ಕೆ ಹೋದೆ. ಬಿದ್ದ ಗೋಡೆಯ ಜಾಗಕ್ಕೆ ತಾಡಪತ್ರಿ ಕಟ್ಟಿದ್ದರು. ಅದರ ಅಂಚಿನಿಂದ ನೀರು ಸೋರಿ ನೆಲವೆಲ್ಲ ಒದ್ದೆಯಾಗಿತ್ತು. ಮನೆಯಲ್ಲಿದ್ದ ಎರಡು ಮಂಚಗಳ ಮೇಲೂ ಹತ್ತಿಯ ಚೀಲಗಳು, ಸೂರು ಮುಟ್ಟುವವರೆಗೆ. ಅವಳ ಹಾಸಿಗೆ ನೆಲದ ಮೇಲಿತ್ತು: ಒಂದು ಚಾಪೆ, ಅದರ ಮೇಲೆ ಇನ್ನೊಂದು ಚಾಪೆ.

"ಹತ್ತಿ ಮಂಚದ ಮ್ಯಾಲ, ಮಂದಿ ನೆಲದ ಮ್ಯಾಲ" ಎಂದು ನಕ್ಕಳು. "ಗಾದಿ ಹೊಲಿಯೋರ ಮನ್ಯಾಗ ಮಲಗಾಕ ಗಾದಿ ಇಲ್ರಿ ಅಕ್ಕೋರ. ಕುಂಡ್ರಿ, ಚಾ ಮಾಡ್ತೀನಿ."

ಮೂಲೆಯಲ್ಲಿ ಒಂದು ರಾಶಿ ಹತ್ತಿ ಕಪ್ಪಿಟ್ಟು ಬಿದ್ದಿತ್ತು. ಯಾರದೋ ಮಗಳ ಮದುವೆಗೆಂದು ಗಾದಿ ಮಾಡಲು ಕೊಟ್ಟದ್ದಂತೆ. ನೀರು ತಾಗಿ ಬೂಸ್ಟು ಹಿಡಿದಿತ್ತು. ಆ ಮನೆಯವರು ಬಂದು ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಅವಳ ಅಜ್ಜಿಯ ಕಾಲದಿಂದ ಗಾದಿ ಮಾಡಿಸಿಕೊಂಡ ಮನೆ, ಇನ್ನು ಮೇಲೆ ಕರೆಯುವುದಿಲ್ಲವೆಂದಿದ್ದರು. ಇದನ್ನು ಹೇಳುವಾಗ ಅವಳು ನಗಲಿಲ್ಲ.

ಹೇಳಿಬಿಡಬೇಕು ಎನಿಸಿತು. ಬಾಯಿ ತೆರೆದೆ. ಬಂದದ್ದು ಮತ್ತೆ ಅದೇ: ಆ ಕಂಪನಿ ಹೀಗೆ, ಆ ಕಚೇರಿ ಹಾಗೆ, ಇವರಿಗೆಲ್ಲ ನಾಚಿಕೆ ಇಲ್ಲ.

"ಸಿಟ್ಟ ಮಾಡ್ಕೋಬ್ಯಾಡ್ರಿ, ಬಿಪಿ ಏರ್ತೈತಿ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಚಹಾದ ಬಟ್ಟಲು ನನ್ನ ಕೈಗಿಟ್ಟು, "ನೀವೇನ್ ಮಾಡೀರಿ ಪಾಪ. ಯಾವನೋ ಹಾಕ್ಯಾನ. ಹಾಕಿದವನ ಕೈ ಸೇದಿಹೋಗ್ಲಿ" ಎಂದಳು.

ನನ್ನ ಕೈಯಲ್ಲಿ ಅವಳ ಬಟ್ಟಲಿತ್ತು. ಚಹಾ ಕುಡಿದೆ. ಪೂರ್ತಿ ಕುಡಿದೆ. ಆಮೇಲೆ ಮನೆಗೆ ಬಂದೆ.

ದಸರೆಗೆ ನಾಲ್ಕು ದಿನ ಉಳಿದಾಗ ಕೇಂದ್ರದಿಂದ ಅವಳಿಗೆ ಕರೆ ಬಂತು. ಓದು ಬಲ್ಲವರು ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದಳು. ಕನ್ನಡಕದವರು ಈ ಸಲ ಕನ್ನಡಕ ಕಣ್ಣಿಗೇ ಹಾಕಿಕೊಂಡಿದ್ದರು.

"ನಾಳೆ ಪಟ್ಟಿ ಬಂದ್ ಆಗ್ತೈತ್ರಿ. ನಿಮ್ಮ ಜಾಗಾ ಇನ್ನೂ ಕೆಂಪು ಐತಿ. ನಾನಾದ್ರೂ ಏನ್ ಮಾಡ್ಲಿ? ಕೆಳಗಿನ ಹೆಸರಿಗೆ ಕೊಡಬೇಕಾಗ್ತೈತಿ."

ಗಾದಿಯವಳು ಜಗಳವಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಹರಿದು ಹೋದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ಏನ್ ಮಾಡ್ಲಿರಿ ಮತ್ತ? ಇಟ್ಕೊಳ್ಳಲೊ, ಒಲಿಗೆ ಹಾಕಲೊ?" ಎಂದು ಕೇಳಿದಳು.

ನಾನು ಬಿಳಿ ಹಾಳೆ ಕೇಳಿದೆ. ನಿಂತುಕೊಂಡೇ ಬರೆದೆ. ನನ್ನ ಹೆಸರು, ಶಾಲೆ, ಎಷ್ಟು ವರ್ಷದಿಂದ ಭೂಗೋಳ ಕಲಿಸುತ್ತಿದ್ದೇನೆ ಎಂಬುದು, ನಕ್ಷೆಯಲ್ಲಿನ ನನ್ನ ಗುರುತು, ಎಲ್ಲ ಬರೆದೆ. ಸಹಿ ಮಾಡಿ ಅವರ ಮುಂದೆ ಸರಿಸಿದೆ. ದಾಖಲೆಗೆ ಏರಿಸುವ ಮುಂಚೆ ಗಟ್ಟಿಯಾಗಿ ಓದುವುದು ಆ ಮನುಷ್ಯನ ರೂಢಿ. ಓದಿದರು.

"ಮಲ್ಲಸಮುದ್ರದಲ್ಲಿ ಸಮುದ್ರವನ್ನು ಹಾಕಿದವಳು ನಾನೇ. ಅದು ತಪ್ಪು. ಅಲ್ಲಿರುವುದು ಕೆರೆ."

ಓದಿ ಮುಗಿಸಿ ನನ್ನನ್ನು ನೋಡಿದರು, ಕನ್ನಡಕ ಹಣೆಗೇರಿಸಿದರು. ಕೀಲಿಮಣೆಗೆ ತಿರುಗಿದರು. ಹಾಳೆಯ ಫೋಟೋ ತೆಗೆದರು, ಎಲ್ಲೋ ಒತ್ತಿದರು, ಇನ್ನೆಲ್ಲೋ ಒತ್ತಿದರು. ಕೆಂಪು ಪಟ್ಟಿ ಹೋಯಿತು. ಮನೆಯ ಚುಕ್ಕೆ ಹಸಿರಾಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಯುಗಾದಿಯಿಂದ ದಸರೆಯವರೆಗೆ ನಾನು ಯಾರು ಯಾರ ಮೇಜು ಗುದ್ದಿದೆನೋ, ಆ ಕೆಲಸ ಹತ್ತು ನಿಮಿಷದ್ದು.

"ಆತ್ರಿ ಯವ್ವಾ, ಬುನಾದಿ ಹಾಕ್ರಿ" ಎಂದರು ಅವರು ಗಾದಿಯವಳಿಗೆ.

ಅವಳು ಅವರಿಗೆ ಕೈ ಮುಗಿದಳು. ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೆವು. ಅವಳು ನಾಲ್ಕು ಹೆಜ್ಜೆ ಮುಂದೆ, ನಾನು ಹಿಂದೆ. ಬೈಯಲಿ, ಬೈದರೆ ಹಗುರಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಮಲ್ಲಸಮುದ್ರದ ಬಸ್ಸು ಬಂದು ನಿಂತ ಮೇಲೆ ನನ್ನ ಕಡೆ ತಿರುಗಿದಳು.

"ನಿಮಗ ಯಾವಾಗ ಗೊತ್ತಾತ್ರಿ?"

"ನೀ ಗಾದಿ ಹಿಂಜಾಕ ಬಂದಿದ್ಯಲ್ಲ, ಅವತ್ತ ಮಧ್ಯಾಹ್ನ."

"ಅಂದ್ರ ಮಳಿಗಿಂತ ಮೊದಲ."

"ಹೂಂ."

"ಸಮುದ್ರ ಹಾಕಿದ್ದಕ್ಕ ನನಗ ಸಿಟ್ಟಿಲ್ರಿ. ತಪ್ಪು ಯಾರ ಕೈಯಿಂದನೂ ಆಗ್ತೈತಿ. ಆದ್ರ ನಮ್ಮ ಮನ್ಯಾಗ ಆ ಮಳ್ಯಾಗ ಕುಂತು, ಎಲ್ಲಾ ಕಣ್ಣಿಲೆ ನೋಡಿ, ಚಾ ಕುಡದು ಹೋದ್ರಲ್ರಿ."

ಬಸ್ಸು ಹತ್ತಿದಳು. ನಾನು ನಿಂತ ಕಡೆ ಕಿಟಕಿಯ ಪಕ್ಕ ಜಾಗ ಇತ್ತು. ಅವಳು ಆ ಕಡೆಯ ಸೀಟಿಗೆ ಹೋಗಿ ಕುಳಿತಳು.

ಗೋಡೆ ಎದ್ದಿತು, ಮನೆಯೂ ಆಯಿತು. ಗೃಹಪ್ರವೇಶದ ಊಟಕ್ಕೆ ಕನ್ನಡಕದವರನ್ನು ಕರೆದಿದ್ದರಂತೆ. ಮಲ್ಲಸಮುದ್ರದ ಎಲ್ಲ ಮನೆಗಳನ್ನೂ ನಾನು ನಕ್ಷೆಯಲ್ಲಿ ಹಾಕಿದ್ದೇನೆ, ಅದೊಂದನ್ನು ಬಿಟ್ಟು. ಅವಳನ್ನು ಕೇಳದೆ ಹಾಕುವ ಧೈರ್ಯ ನನಗಿಲ್ಲ, ಕೇಳಲು ಹೋಗುವ ಮುಖವೂ ಇಲ್ಲ. ಮರು ವರ್ಷ ಯುಗಾದಿ ಮುಗಿಯಿತು, ಅವಳು ಬರಲಿಲ್ಲ. ಬೇರೆ ಯಾರನ್ನಾದರೂ ಕರೆಸು ಎಂದು ಮನೆಯವರು ಹೇಳಿದರು. ನಾನು ಅವರ ಮೇಲೆ ಹರಿಹಾಯ್ದೆ. ಅದರ ಮರು ವರ್ಷವೂ ಬರಲಿಲ್ಲ. ನನ್ನ ಗಾದಿಯ ಹತ್ತಿ ಈಗ ಅಲ್ಲಲ್ಲಿ ಗಂಟು ಕಟ್ಟಿದೆ. ಎಡಕ್ಕೆ ಮಲಗಿದರೂ ಬಲಕ್ಕೆ ಮಲಗಿದರೂ ಒತ್ತುತ್ತದೆ.